ಆಲ್ಫ್ರೆಡ್ ಡ್ರೇಫಸ್

ಆಲ್ಫ್ರೆಡ್ ಡ್ರೇಫಸ್ (ಜನನ: ೯ ಅಕ್ಟೋಬರ್ ೧೮೫೯, ಮ್ಯುಲೂಜ್, ಮರಣ: ೧೨ ಜುಲೈ ೧೯೩೫, ಪ್ಯಾರಿಸ್) ಫ್ರಾನ್ಸ್ ದೇಶದ ಸೇನಾಧಿಕಾರಿ. ಯಹೂದಿ ಮನೆತನದಲ್ಲಿ ಹುಟ್ಟಿದ ಇವರ ಮೇಲೆ ೧೮೯೪ರಲ್ಲಿ ಜರ್ಮನಿಗೆ ಸೈನಿಕ ರಹಸ್ಯಗಳನ್ನು ಮಾರಿದರೆಂಬ ಸುಳ್ಳು ಆಪಾದನೆಯನ್ನು ಹೊರಿಸಲಾಯಿತು. ಸೇನಾ ನ್ಯಾಯಾಲಯವು ಇವರನ್ನು ದೇಶದ್ರೋಹಿಯೆಂದು ತೀರ್ಮಾನಿಸಿ ಜೀವಾವಧಿ ಗಡೀಪಾರು ಶಿಕ್ಷೆ ವಿಧಿಸಿತು. ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಇವರು ದಕ್ಷಿಣ ಅಮೆರಿಕದ ತೀರದಾಚೆಯ ಒಂದು ದ್ವೀಪದಲ್ಲಿ ಏಕಾಂತ ಸೆರೆವಾಸವನ್ನು ಅನುಭವಿಸಿದರು. ೧೯೦೬ರಲ್ಲಿ ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು ಇವರನ್ನು ಸಂಪೂರ್ಣ ನಿರ್ದೋಷಿಯೆಂದು ಘೋಷಿಸಿತು. ಈ ಘಟನಾವಳಿಯು ಚರಿತ್ರೆಯಲ್ಲಿ ಡ್ರೇಫಸ್ ಪ್ರಕರಣ ಎಂದು ಪ್ರಸಿದ್ಧವಾಗಿದೆ.

ಯುರೋಪಿನಲ್ಲಿ ಯಹೂದಿಗಳ ಮೇಲಿದ್ದ ಪೂರ್ವಗ್ರಹವು ಕಾಲಕಾಲಕ್ಕೆ ಹೇಗೆ ರೂಪ ಬದಲಿಸಿತು ಎಂಬುದನ್ನು ಅರಿಯಲು ಡ್ರೇಫಸ್ ಅವರ ಜೀವನವು ಒಂದು ಮುಖ್ಯ ಆಧಾರವಾಗಿದೆ. ಮಧ್ಯಯುಗದಲ್ಲಿ ಯಹೂದಿಯ ಮೇಲಿದ್ದ ಆಕ್ಷೇಪವು ಅವನ ಮತಧರ್ಮಕ್ಕೆ ಸಂಬಂಧಿಸಿತ್ತು. ಡ್ರೇಫಸ್ ಅವರ ಕಾಲಕ್ಕೆ ಅದು ಅವನ ಹುಟ್ಟಿಗೂ ದೇಶನಿಷ್ಠೆಗೂ ಸಂಬಂಧಿಸಿದ್ದಾಗಿ ಮಾರ್ಪಟ್ಟಿತ್ತು. ಕಾನೂನು ನೀಡಿದ ಸಮಾನತೆಯೂ ವ್ಯಕ್ತಿಯ ನಿಷ್ಕಳಂಕ ನಡತೆಯೂ ಈ ಹೊಸ ರೂಪದ ಅನುಮಾನವನ್ನು ತಡೆಯಲಾರದೆ ಹೋದವು.

ಜನನ ಮತ್ತು ಬಾಲ್ಯ

ಡ್ರೇಫಸ್ ಅವರು ಫ್ರಾನ್ಸಿನ ಪೂರ್ವ ಗಡಿಯಲ್ಲಿರುವ ಅಲ್ಸೇಸ್ ಪ್ರಾಂತ್ಯದ ಮ್ಯುಲೂಜ್ ಪಟ್ಟಣದಲ್ಲಿ ಜನಿಸಿದರು. ತಂದೆ ರಫಾಯೆಲ್ ಡ್ರೇಫಸ್, ತಾಯಿ ಜೀನೆಟ್. ದಂಪತಿಗಳ ಮಕ್ಕಳಲ್ಲಿ ಆಲ್ಫ್ರೆಡ್ ಕಿರಿಯರು. ತಲೆಹೊರೆಯ ಮೇಲೆ ಸರಕು ಹೊತ್ತು ಊರೂರು ತಿರುಗಿ ಮಾರುತ್ತಿದ್ದ ರಫಾಯೆಲ್ ಅವರು ಕ್ರಮೇಣ ಬಟ್ಟೆ ವ್ಯಾಪಾರದಲ್ಲಿ ಏಳಿಗೆ ಹೊಂದಿ ಹತ್ತಿ ಗಿರಣಿಯ ಒಡೆಯರಾದರು. ಹೀಗೆ ಒಂದೇ ತಲೆಮಾರಿನಲ್ಲಿ ಕುಟುಂಬವು ಸಿರಿವಂತಿಕೆಯನ್ನು ಕಂಡಿತು.

೧೮೭೦-೭೧ರ ಯುದ್ಧದಲ್ಲಿ ಫ್ರಾನ್ಸ್ ಪ್ರಷ್ಯಾಕ್ಕೆ ಸೋತು ಅಲ್ಸೇಸ್ ಪ್ರಾಂತ್ಯವನ್ನು ಜರ್ಮನ್ ಸಾಮ್ರಾಜ್ಯಕ್ಕೆ ಬಿಟ್ಟುಕೊಡಬೇಕಾಯಿತು. ಆ ನಾಡಿನವರು ಫ್ರೆಂಚ್ ಪೌರತ್ವವನ್ನು ಉಳಿಸಿಕೊಳ್ಳಬೇಕಾದರೆ ಊರು ಬಿಡಬೇಕಾಗಿತ್ತು. ಡ್ರೇಫಸ್ ಕುಟುಂಬವು ೧೮೭೨ರಲ್ಲಿ ಫ್ರೆಂಚ್ ಪೌರತ್ವವನ್ನೇ ಆರಿಸಿಕೊಂಡಿತು. ಗಿರಣಿಯನ್ನು ನೋಡಿಕೊಳ್ಳಲು ಹಿರಿಯ ಮಗ ಜಾಕ್ ಮಾತ್ರ ಮ್ಯುಲೂಜ್‌ನಲ್ಲಿ ಉಳಿದರು. ಶತ್ರು ಸೈನ್ಯವು ಹುಟ್ಟೂರನ್ನು ಆಕ್ರಮಿಸಿದ್ದನ್ನು ಬಾಲಕ ಆಲ್ಫ್ರೆಡ್ ಕಣ್ಣಾರೆ ಕಂಡಿದ್ದರು. ಸೇನೆಗೆ ಸೇರಿ ದೇಶಸೇವೆ ಮಾಡಬೇಕೆಂಬ ನಿರ್ಧಾರಕ್ಕೆ ಈ ಅನುಭವವೇ ಬೀಜವಾಯಿತು. ಮುಂದೆ ಜರ್ಮನಿಯ ಗೂಢಚಾರನೆಂಬ ಆಪಾದನೆಗೆ ಗುರಿಯಾದವರು ಜರ್ಮನ್ ಆಳ್ವಿಕೆಯನ್ನು ಒಲ್ಲದೆ ಮನೆಮಠ ತೊರೆದು ಬಂದ ಕುಟುಂಬದವರೇ ಆಗಿದ್ದರು.

ವಿದ್ಯಾಭ್ಯಾಸ ಮತ್ತು ಸೇನಾ ವೃತ್ತಿ

೧೮೭೮ರಲ್ಲಿ ಡ್ರೇಫಸ್ ಅವರು ಪ್ಯಾರಿಸ್ಸಿನ ಎಕೋಲ್ ಪಾಲಿಟೆಕ್ನೀಕ್ ಎಂಬ ಹೆಸರಾಂತ ತಾಂತ್ರಿಕ ವಿದ್ಯಾಲಯಕ್ಕೆ ಪ್ರವೇಶ ಪಡೆದರು. ೧೮೮೦ರಲ್ಲಿ ಸೇನಾಧಿಕಾರಿಯಾಗಿ ಹೊರಬಂದು ಫೋಂಟೆನ್‌ಬ್ಲೋದಲ್ಲಿ ಫಿರಂಗಿ ದಳದ ತರಬೇತಿಯನ್ನು ಪೂರೈಸಿದರು. ೧೮೮೯ರಲ್ಲಿ ಕ್ಯಾಪ್ಟನ್ ಪದವಿ ದೊರೆಯಿತು. ೧೮೯೦ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ವಜ್ರದ ವ್ಯಾಪಾರಿಯೊಬ್ಬರ ಮಗಳಾದ ಲೂಸಿ ಹದಮಾರ್ ಅವರೊಡನೆ ವಿವಾಹವಾಯಿತು. ಪಿಯೆರ್ ಎಂಬ ಮಗ ಮತ್ತು ಜೀನ್ ಎಂಬ ಮಗಳು ಈ ದಂಪತಿಗಳ ಮಕ್ಕಳು.

ಅದೇ ವರ್ಷ ಉನ್ನತ ಯುದ್ಧ ವಿದ್ಯಾಲಯಕ್ಕೆ ಆಯ್ಕೆಯಾದ ಡ್ರೇಫಸ್ ೧೮೯೨ರಲ್ಲಿ ತಮ್ಮ ತರಗತಿಯಲ್ಲಿ ಒಂಬತ್ತನೆಯ ಸ್ಥಾನ ಪಡೆದು ತೇರ್ಗಡೆಯಾದರು. ಅಂತಿಮ ಪರೀಕ್ಷೆಯ ಪರೀಕ್ಷಕರಲ್ಲಿ ಒಬ್ಬರಾದ ಜನರಲ್ ಬೊನ್‌ಫೋನ್ ಅವರು ಸೇನಾ ಪ್ರಧಾನ ಕಚೇರಿಯಲ್ಲಿ ಯಹೂದಿಗಳು ಇರಕೂಡದೆಂಬ ಕಾರಣಕ್ಕಾಗಿ ಡ್ರೇಫಸ್ ಅವರಿಗೂ ಮತ್ತೊಬ್ಬ ಯಹೂದಿ ಅಧಿಕಾರಿಗೂ ಬೇಕೆಂದೇ ಕಡಿಮೆ ಅಂಕ ನೀಡಿದ್ದರು. ಇಬ್ಬರೂ ವಿದ್ಯಾಲಯದ ಮುಖ್ಯಸ್ಥರಿಗೆ ದೂರಿತ್ತರು. ಮುಖ್ಯಸ್ಥರು ವಿಷಾದ ವ್ಯಕ್ತಪಡಿಸಿದರಾದರೂ ಅಂಕಗಳನ್ನು ತಿದ್ದಲಿಲ್ಲ. ಆದರೂ ಉತ್ತಮ ಸ್ಥಾನ ದೊರೆತಿದ್ದುದರಿಂದ ೧೮೯೩ರ ಆರಂಭದಲ್ಲಿ ಡ್ರೇಫಸ್ ಅವರು ತರಬೇತಿ ಅಧಿಕಾರಿಯಾಗಿ ಸೇನಾ ಪ್ರಧಾನ ಕಚೇರಿಯನ್ನು ಸೇರಿದರು.

ಪೂರ್ವಗ್ರಹದ ಹಳೆಯ ಮತ್ತು ಹೊಸ ರೂಪಗಳು

ಮುಂದಿನ ಘಟನೆಗಳು ಅರ್ಥವಾಗಬೇಕಾದರೆ ಆ ಕಾಲದ ಹಿನ್ನೆಲೆಯನ್ನು ತಿಳಿಯುವುದು ಅವಶ್ಯಕ. ಮಧ್ಯಯುಗದ ಯುರೋಪಿನಲ್ಲಿ ಯೇಸುವಿನ ಮರಣದ ಹೊಣೆಯನ್ನು ಇಡೀ ಯಹೂದಿ ಸಮುದಾಯದ ಮೇಲೆ ಹೊರಿಸಲಾಗುತ್ತಿತ್ತು. ೧೨೧೫ರಲ್ಲಿ ನಡೆದ ಕ್ರೈಸ್ತ ಧರ್ಮಸಭೆಯೊಂದು ಯಹೂದಿಗಳು ಗುರುತು ಸಿಗುವಂಥ ಉಡುಪನ್ನು ಧರಿಸಬೇಕೆಂದು ವಿಧಿಸಿತು. ಪ್ಲೇಗ್ ಮಾರಿಯು ಹರಡಿದಾಗ ಬಾವಿಗಳಿಗೆ ವಿಷ ಹಾಕಿದರೆಂಬ ಆಪಾದನೆಯ ಮೇಲೆ ಅಲ್ಸೇಸ್‌ನ ಸ್ಟ್ರಾಸ್‌ಬರ್ಗ್ ನಗರದಲ್ಲಿ ೧೩೪೯ರಲ್ಲಿ ಯಹೂದಿಗಳನ್ನು ಸುಡಲಾಯಿತು. ೧೩೯೪ರಲ್ಲಿ ಆರನೆಯ ಚಾರ್ಲ್ಸ್ ದೊರೆಯು ಅವರನ್ನು ಫ್ರಾನ್ಸ್ ರಾಜ್ಯದಿಂದಲೇ ಹೊರಹಾಕಿದನು. ಹಲವು ವೃತ್ತಿಗಳು ನಿಷಿದ್ಧವಾಗಿದ್ದುದರಿಂದ ಬಡ್ಡಿ ವ್ಯವಹಾರ ಮತ್ತು ಸಣ್ಣ ವ್ಯಾಪಾರಗಳಷ್ಟೇ ಅನೇಕರಿಗೆ ಉಳಿದವು. ಬಳಿಕ ಅದನ್ನೇ ಮುಂದಿಟ್ಟುಕೊಂಡು ಅವರನ್ನು ಲೋಭಿಗಳೆಂದು ನಿಂದಿಸಲಾಯಿತು. ಈ ಹಳೆಯ ದ್ವೇಷವು ಮತಕ್ಕೆ ಸಂಬಂಧಿಸಿದ್ದಾದ್ದರಿಂದ ಮತಾಂತರ ಹೊಂದಿದವನಿಗೆ, ಕಡೇಪಕ್ಷ ತಾತ್ತ್ವಿಕವಾಗಿ, ಬಿಡುಗಡೆಯ ಒಂದು ಬಾಗಿಲು ತೆರೆದಿತ್ತು.

ಫ್ರೆಂಚ್ ಕ್ರಾಂತಿಯು ಈ ಸ್ಥಿತಿಯನ್ನು ಕಾನೂನಿನ ಮಟ್ಟಿಗೆ ಬದಲಿಸಿತು. ೧೭೯೧ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನ ರಾಷ್ಟ್ರೀಯ ಸಭೆಯು ಎಲ್ಲ ಯಹೂದಿಗಳಿಗೂ ಪೂರ್ಣ ಪೌರತ್ವವನ್ನು ನೀಡಿತು. ೧೮೦೮ರಲ್ಲಿ ನೆಪೋಲಿಯನ್ ಹೊರಡಿಸಿದ ಆಜ್ಞೆಯೊಂದು ಅಲ್ಸೇಸ್ ಮೊದಲಾದ ಕಡೆಗಳ ಯಹೂದಿಗಳ ವ್ಯವಹಾರದ ಮೇಲೆ ಹತ್ತು ವರ್ಷಗಳ ನಿರ್ಬಂಧ ಹೇರಿತಾದರೂ ಅವಧಿ ಮುಗಿದ ಮೇಲೆ ಅದನ್ನು ಮುಂದುವರಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಯಹೂದಿಗಳು ವಕೀಲರು, ವೈದ್ಯರು, ಪ್ರಾಧ್ಯಾಪಕರು, ಸೇನಾಧಿಕಾರಿಗಳು ಆದರು.

ಕಾನೂನಿನಲ್ಲಿ ಭೇದವು ಅಳಿದ ಮೇಲೆ ಪೂರ್ವಗ್ರಹವು ಬೇರೆ ಆಧಾರಗಳನ್ನು ಹುಡುಕಿಕೊಂಡಿತು. ಮೊದಲನೆಯದು ಆರ್ಥಿಕ ಆಧಾರ. ಕೆಲವು ಶ್ರೀಮಂತ ಬ್ಯಾಂಕ್ ಮನೆತನಗಳನ್ನು ತೋರಿಸಿ ಬಂಡವಾಳವೆಲ್ಲ ಯಹೂದಿಗಳ ಕೈಯಲ್ಲಿದೆ ಎಂಬ ಪ್ರಚಾರ ನಡೆಯಿತು. ೧೮೮೨ರಲ್ಲಿ ಯೂನಿಯೋಂ ಜೆನೆರಾಲ್ ಎಂಬ ಕ್ಯಾಥೊಲಿಕ್ ಬ್ಯಾಂಕು ಮುಳುಗಿದಾಗಲೂ ೧೮೯೨ರಲ್ಲಿ ಪನಾಮಾ ಕಾಲುವೆ ಕಂಪನಿಯ ಹಗರಣ ಬಯಲಾದಾಗಲೂ ಈ ಪ್ರಚಾರಕ್ಕೆ ಬಲ ಬಂದಿತು. ಎರಡನೆಯದು ಜನಾಂಗದ ಆಧಾರ. ೧೮೭೯ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಮಾರ್ ಎಂಬ ಲೇಖಕನು ಆ್ಯಂಟಿಸೆಮಿಟಿಸಂ ಎಂಬ ಪದವನ್ನು ಪ್ರಚಾರಕ್ಕೆ ತಂದನು. ಈ ವಾದದ ಪ್ರಕಾರ ಯಹೂದಿತನವೆಂಬುದು ರಕ್ತಗತವಾದದ್ದು. ಮತ ಬದಲಿಸಿದರೂ ಅದು ಅಳಿಯದು. ಹೀಗೆ ಹಿಂದೆ ಇದ್ದ ಬಿಡುಗಡೆಯ ಬಾಗಿಲೂ ಮುಚ್ಚಿತು.

ಫ್ರಾನ್ಸಿನಲ್ಲಿ ಎದುವಾರ್ ದ್ರುಮೋಂ ಎಂಬ ಪತ್ರಕರ್ತನು ೧೮೮೬ರಲ್ಲಿ ಪ್ರಕಟಿಸಿದ ಗ್ರಂಥವು ಈ ಮೂರೂ ಧಾರೆಗಳನ್ನು, ಎಂದರೆ ಮತದ್ವೇಷ, ಆರ್ಥಿಕ ಅಸೂಯೆ ಮತ್ತು ಜನಾಂಗವಾದಗಳನ್ನು, ಒಂದುಗೂಡಿಸಿತು. ಅದು ಅಪಾರ ಸಂಖ್ಯೆಯಲ್ಲಿ ಮಾರಾಟವಾಯಿತು. ೧೮೯೨ರಲ್ಲಿ ಅವನು ಲಾ ಲಿಬ್ರ ಪರೋಲ್ ಎಂಬ ದಿನಪತ್ರಿಕೆಯನ್ನು ಆರಂಭಿಸಿ ಸೇನೆಯಲ್ಲಿರುವ ಯಹೂದಿ ಅಧಿಕಾರಿಗಳು ನಂಬಿಕೆಗೆ ಅನರ್ಹರೆಂದು ಲೇಖನಮಾಲೆಯನ್ನು ಹೊರತಂದನು. ಅದರ ಬೆನ್ನಲ್ಲೇ ನಡೆದ ದ್ವಂದ್ವಯುದ್ಧವೊಂದರಲ್ಲಿ ಆರ್ಮಾಂ ಮೇಯರ್ ಎಂಬ ಯಹೂದಿ ಕ್ಯಾಪ್ಟನ್ ಪ್ರಾಣ ಕಳೆದುಕೊಂಡರು. ಸುಮಾರು ನಾಲ್ಕು ಕೋಟಿ ಜನರಿದ್ದ ಫ್ರಾನ್ಸಿನಲ್ಲಿ ಯಹೂದಿಗಳ ಸಂಖ್ಯೆ ಆಗ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ.

ಬಂಧನ ಮತ್ತು ಮೊದಲ ವಿಚಾರಣೆ

ಪ್ಯಾರಿಸ್ಸಿನ ಜರ್ಮನ್ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಮಹಿಳೆಯೊಬ್ಬಳು ಅಲ್ಲಿನ ಹರಿದ ಕಾಗದಗಳನ್ನು ಫ್ರೆಂಚ್ ಗೂಢಚರ್ಯೆ ವಿಭಾಗಕ್ಕೆ ತಲುಪಿಸುತ್ತಿದ್ದಳು. ೧೮೯೪ರ ಸೆಪ್ಟೆಂಬರ್‌ನಲ್ಲಿ ಹಾಗೆ ದೊರೆತ ಸಹಿಯಿಲ್ಲದ ಪತ್ರವೊಂದರಲ್ಲಿ ಜರ್ಮನಿಯ ಸೇನಾ ಪ್ರತಿನಿಧಿ ಶ್ವಾರ್ಟ್ಸ್‌ಕೊಪೆನ್ ಅವರಿಗೆ ಒದಗಿಸುವ ರಹಸ್ಯ ಟಿಪ್ಪಣಿಗಳ ಪಟ್ಟಿಯಿತ್ತು. ಪಟ್ಟಿಯಲ್ಲಿ ಫಿರಂಗಿಯ ವಿಷಯವೂ ಇದ್ದುದರಿಂದ ಅದನ್ನು ಬರೆದವನು ಪ್ರಧಾನ ಕಚೇರಿಯ ವಿವಿಧ ವಿಭಾಗಗಳಲ್ಲಿ ತರಬೇತಿ ಪಡೆದ ಫಿರಂಗಿ ದಳದ ಅಧಿಕಾರಿಯೇ ಇರಬೇಕೆಂದು ಊಹಿಸಲಾಯಿತು. ಅಧಿಕಾರಿಗಳ ಪಟ್ಟಿಯನ್ನು ತಿರುವಿದಾಗ ಡ್ರೇಫಸ್ ಹೆಸರು ಕಣ್ಣಿಗೆ ಬಿದ್ದಿತು. ಅವರ ಕೈಬರಹಕ್ಕೂ ಪತ್ರದ ಬರಹಕ್ಕೂ ಕೊಂಚ ಹೋಲಿಕೆಯಿತ್ತು. ಶೋಧನೆಯು ಅಲ್ಲಿಗೇ ನಿಂತಿತು.

ಅಕ್ಟೋಬರ್ ೧೫ರಂದು ಡ್ರೇಫಸ್ ಅವರನ್ನು ಪ್ರಧಾನ ಕಚೇರಿಗೆ ಕರೆಸಲಾಯಿತು. ಮೇಜರ್ ದು ಪಾತಿ ದ ಕ್ಲಾಂ ಎಂಬ ಅಧಿಕಾರಿಯು ತನ್ನ ಬೆರಳಿಗೆ ಗಾಯವಾಗಿದೆಯೆಂದು ನೆಪ ಹೇಳಿ, ರಹಸ್ಯ ಪತ್ರದ ಪದಗಳುಳ್ಳ ಒಕ್ಕಣೆಯನ್ನು ಅವರಿಂದ ಬರೆಯಿಸಿದನು. ಬರೆಯುವಾಗ ಕೈ ನಡುಗಿತೆಂದು ಹೇಳಿ ಆ ಕ್ಷಣವೇ ಬಂಧಿಸಿದನು. ಆತ್ಮಹತ್ಯೆ ಮಾಡಿಕೊಳ್ಳಲೆಂದು ಮೇಜಿನ ಮೇಲೆ ಪಿಸ್ತೂಲನ್ನು ಇಡಲಾಗಿತ್ತು. ಡ್ರೇಫಸ್ ಅವರು ತಾವು ನಿರಪರಾಧಿಯೆಂದೂ ಅದನ್ನು ಸಾಬೀತುಪಡಿಸಲು ಬದುಕಿರುವುದಾಗಿಯೂ ತಿಳಿಸಿ ಅದನ್ನು ಮುಟ್ಟಲಿಲ್ಲ.

ಪುರಾವೆಗಳು ದುರ್ಬಲವಾಗಿದ್ದವು. ಬ್ಯಾಂಕ್ ಆಫ್ ಫ್ರಾನ್ಸಿನ ಕೈಬರಹ ತಜ್ಞರು ಪತ್ರವನ್ನು ಬೇರೆಯವರು ಬರೆದಿರಬಹುದೆಂದು ಅಭಿಪ್ರಾಯಪಟ್ಟರು. ಆಗ ಪೊಲೀಸ್ ಇಲಾಖೆಯ ಆಲ್ಫೋನ್ಸ್ ಬೆರ್ತಿಯೋಂ ಅವರ ಮೊರೆಹೋಗಲಾಯಿತು. ಅವರು ಕೈಬರಹ ತಜ್ಞರಾಗಿರಲಿಲ್ಲ. ಡ್ರೇಫಸ್ ತಮ್ಮದೇ ಕೈಬರಹವನ್ನು ತಾವೇ ನಕಲು ಮಾಡಿ ವ್ಯತ್ಯಾಸಗಳನ್ನು ಉದ್ದೇಶಪೂರ್ವಕವಾಗಿ ಸೇರಿಸಿದ್ದಾರೆಂಬ ವಿಚಿತ್ರ ಸಿದ್ಧಾಂತವನ್ನು ಅವರು ಮಂಡಿಸಿದರು. ಮನೆಯ ತಪಾಸಣೆಯಲ್ಲಿ ಏನೂ ಸಿಗಲಿಲ್ಲ. ಅದನ್ನೂ ಆಪಾದಿತರ ಜಾಣತನದ ಗುರುತೆಂದು ಭಾವಿಸಲಾಯಿತು. ಅವರಿಗೆ ಜರ್ಮನ್ ಭಾಷೆ ತಿಳಿದಿದ್ದುದು, ಒಳ್ಳೆಯ ಜ್ಞಾಪಕಶಕ್ತಿ ಇದ್ದುದು, ಕೆಲಸದಲ್ಲಿ ಕುತೂಹಲ ತೋರಿದ್ದು ಇವೆಲ್ಲವೂ ಆರೋಪಪಟ್ಟಿಯಲ್ಲಿ ದೋಷಗಳಾದವು. ಶ್ರೀಮಂತರೂ ಸಾಲವಿಲ್ಲದವರೂ ಆದ ಅವರು ಹಣಕ್ಕಾಗಿ ದ್ರೋಹವೆಸಗಲು ಯಾವ ಕಾರಣವೂ ಇರಲಿಲ್ಲ. ಪತ್ರವನ್ನು ಬರೆದವನು ತಾನು ಸೇನಾ ಕವಾಯತಿಗೆ ಹೊರಡುತ್ತಿರುವುದಾಗಿ ತಿಳಿಸಿದ್ದನು. ಡ್ರೇಫಸ್ ಆ ವರ್ಷ ಅಂಥ ಕವಾಯತಿಗೆ ಹೋಗಿರಲೇ ಇಲ್ಲ.

ಬಂಧನದ ಸುದ್ದಿ ಲಾ ಲಿಬ್ರ ಪರೋಲ್ ಪತ್ರಿಕೆಗೆ ಸೋರಿತು. ನವೆಂಬರ್ ೧ರಂದು ಅದು ಯಹೂದಿ ಅಧಿಕಾರಿಯೊಬ್ಬನ ದೇಶದ್ರೋಹವೆಂದು ದೊಡ್ಡದಾಗಿ ಪ್ರಕಟಿಸಿತು. ಯುದ್ಧಮಂತ್ರಿ ಮರ್ಸಿಯೆ ಅವರಿಗೆ ಇನ್ನು ಹಿಂದೆ ಸರಿಯುವುದು ಕಷ್ಟವಾಯಿತು. ಡಿಸೆಂಬರ್ ೧೯ರಿಂದ ೨೨ರವರೆಗೆ ಮುಚ್ಚಿದ ಬಾಗಿಲುಗಳ ಹಿಂದೆ ಸೇನಾ ನ್ಯಾಯಾಲಯದ ವಿಚಾರಣೆ ನಡೆಯಿತು. ಆಪಾದಿತರಿಗಾಗಲಿ ಅವರ ವಕೀಲ ದೆಮಾಂಜ್ ಅವರಿಗಾಗಲಿ ತಿಳಿಸದೆ ಯುದ್ಧಮಂತ್ರಿಯ ಕಡೆಯಿಂದ ಒಂದು ರಹಸ್ಯ ಕಡತವನ್ನು ನ್ಯಾಯಾಧೀಶರಿಗೆ ತಲುಪಿಸಲಾಯಿತು. ಅದರಲ್ಲಿದ್ದ ಒಂದು ಕಾಗದದಲ್ಲಿ ಡಿ ಎಂಬ ಮೊದಲಕ್ಷರವಿದ್ದ ವ್ಯಕ್ತಿಯೊಬ್ಬನ ಪ್ರಸ್ತಾಪವಿತ್ತು. ಕಾನೂನಿಗೆ ವಿರುದ್ಧವಾದ ಈ ಕ್ರಮದ ನೆರವಿನಿಂದ ಏಳು ನ್ಯಾಯಾಧೀಶರೂ ಒಮ್ಮತದಿಂದ ಅಪರಾಧಿಯೆಂದು ತೀರ್ಪಿತ್ತರು. ರಾಜಕೀಯ ಅಪರಾಧಗಳಿಗೆ ಮರಣದಂಡನೆಯು ೧೮೪೮ರಲ್ಲೇ ರದ್ದಾಗಿದ್ದುದರಿಂದ ಜೀವಾವಧಿ ಗಡೀಪಾರು ವಿಧಿಸಲಾಯಿತು.

ಬಹಿರಂಗ ಅಪಮಾನ

೧೮೯೫ರ ಜನವರಿ ೫ರಂದು ಪ್ಯಾರಿಸ್ಸಿನ ಸೇನಾ ವಿದ್ಯಾಲಯದ ಅಂಗಳದಲ್ಲಿ, ಸಾಲಾಗಿ ನಿಂತ ಸೈನಿಕರ ಎದುರಿಗೆ, ಡ್ರೇಫಸ್ ಅವರ ಸಮವಸ್ತ್ರದ ಗುಂಡಿಗಳನ್ನೂ ಪದಚಿಹ್ನೆಗಳನ್ನೂ ಕಿತ್ತೆಸೆದು ಕತ್ತಿಯನ್ನು ಮುರಿಯಲಾಯಿತು. ಅವರು ಗಟ್ಟಿಯಾದ ದನಿಯಲ್ಲಿ ತಮ್ಮ ನಿರಪರಾಧವನ್ನು ಸಾರಿ ಫ್ರಾನ್ಸಿಗೂ ಸೇನೆಗೂ ಜಯಕಾರ ಹೇಳಿದರು. ಬೇಲಿಯ ಹೊರಗೆ ನೆರೆದಿದ್ದ ಜನಸಮೂಹವು ಅವರ ಸಾವನ್ನು ಬಯಸಿ ಕೂಗಿತು. ಆ ಕೂಗು ಒಬ್ಬ ದ್ರೋಹಿಯ ವಿರುದ್ಧವಷ್ಟೇ ಅಲ್ಲದೆ ಯಹೂದಿಗಳೆಲ್ಲರ ವಿರುದ್ಧವೂ ಇತ್ತು. ವಿಯೆನ್ನಾದ ಪತ್ರಿಕೆಯೊಂದರ ವರದಿಗಾರರಾಗಿ ಅಂದಿನ ಘಟನೆಯನ್ನು ವರದಿ ಮಾಡಿದ ಥಿಯೋಡೋರ್ ಹರ್ಜಲ್ ಅವರು ಮುಂದೆ ಜಿಯೋನಿಸ್ಟ್ ಚಳವಳಿಯ ನೇತಾರರಾದರು.

ದೆವ್ವದ ದ್ವೀಪದಲ್ಲಿ ಸೆರೆವಾಸ

ಫ್ರೆಂಚ್ ಗಯಾನಾದ ತೀರದಲ್ಲಿರುವ ಸಣ್ಣ ದ್ವೀಪಗಳನ್ನು ಗಡೀಪಾರಿನ ಸ್ಥಳವನ್ನಾಗಿ ಮಾಡುವ ಸಲುವಾಗಿ ೧೮೯೫ರ ಫೆಬ್ರವರಿಯಲ್ಲಿ ಹೊಸ ಕಾನೂನೊಂದನ್ನೇ ಜಾರಿಗೊಳಿಸಲಾಯಿತು. ಏಪ್ರಿಲ್‌ನಲ್ಲಿ ಡ್ರೇಫಸ್ ಅವರನ್ನು ದೆವ್ವದ ದ್ವೀಪವೆಂಬ ಹೆಸರಿನ, ಹಿಂದೆ ಕುಷ್ಠರೋಗಿಗಳನ್ನು ಇರಿಸುತ್ತಿದ್ದ ಬಂಡೆಗಲ್ಲಿನ ದ್ವೀಪಕ್ಕೆ ಸಾಗಿಸಲಾಯಿತು. ಅಲ್ಲಿ ಅವರೊಬ್ಬರೇ ಕೈದಿ. ವಾಸಕ್ಕೆ ಒಂದು ಸಣ್ಣ ಗುಡಿಸಲು. ಹಗಲಿರುಳೂ ಕಾವಲುಗಾರನೊಬ್ಬನು ಅವರನ್ನು ನೋಡುತ್ತಿರಬೇಕು. ಆದರೆ ಮಾತನಾಡಕೂಡದೆಂಬ ಆಜ್ಞೆಯಿತ್ತು.

೧೮೯೬ರ ಸೆಪ್ಟೆಂಬರ್‌ನಲ್ಲಿ ಡ್ರೇಫಸ್ ತಪ್ಪಿಸಿಕೊಂಡರೆಂಬ ಸುಳ್ಳು ಸುದ್ದಿಯು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೂಡಲೇ ಕಟ್ಟಳೆಗಳನ್ನು ಬಿಗಿಗೊಳಿಸಲಾಯಿತು. ಸುಮಾರು ಆರು ವಾರಗಳ ಕಾಲ ಪ್ರತಿ ರಾತ್ರಿಯೂ ಅವರ ಕಾಲುಗಳನ್ನು ಮಂಚಕ್ಕೆ ಕಬ್ಬಿಣದ ಸಂಕೋಲೆಗಳಿಂದ ಬಿಗಿಯಲಾಯಿತು. ಕಡಲು ಕಾಣದಂತೆ ಗುಡಿಸಲಿನ ಸುತ್ತ ಎತ್ತರವಾದ ಮರದ ಬೇಲಿಯನ್ನು ಕಟ್ಟಲಾಯಿತು. ಜ್ವರ, ಕೀಟಗಳ ಕಾಟ ಮತ್ತು ಕೆಟ್ಟ ಆಹಾರದಿಂದ ಅವರ ದೇಹವು ಕೃಶವಾಯಿತು. ಮಾತೇ ಇಲ್ಲದ ಬಾಳಿನಿಂದಾಗಿ, ಮರಳಿ ಬಂದಾಗ ಅವರಿಗೆ ಮಾತನಾಡುವುದೂ ಕಷ್ಟವಾಗಿತ್ತು. ಗಣಿತ ಮತ್ತು ಇಂಗ್ಲಿಷ್ ಭಾಷೆಯ ಅಭ್ಯಾಸ, ಓದು ಹಾಗೂ ಲೂಸಿ ಅವರ ಪತ್ರಗಳು ಅವರನ್ನು ಜೀವಂತವಾಗಿರಿಸಿದವು. ಆ ಪತ್ರಗಳನ್ನು ಅಧಿಕಾರಿಗಳು ಓದಿಯೇ ಕೊಡುತ್ತಿದ್ದರು. ತಮ್ಮ ಹೆಸರಿನಲ್ಲಿ ಫ್ರಾನ್ಸ್ ಇಬ್ಭಾಗವಾಗುತ್ತಿರುವ ಸಂಗತಿಯು ಅವರಿಗೆ ತಿಳಿದಿರಲಿಲ್ಲ.

ಸತ್ಯದ ಶೋಧನೆ

ಅಣ್ಣ ಮಾತ್ಯೂ ಡ್ರೇಫಸ್ ಅವರು ತಮ್ಮನ ಬಿಡುಗಡೆಗಾಗಿ ವ್ಯವಹಾರವನ್ನು ಬದಿಗಿರಿಸಿ ಹೋರಾಟಕ್ಕಿಳಿದರು. ಬರ್ನಾರ್ ಲಜಾರ್ ಎಂಬ ಯಹೂದಿ ಲೇಖಕರು ೧೮೯೬ರ ನವೆಂಬರ್‌ನಲ್ಲಿ ಬ್ರಸೆಲ್ಸ್‌ನಿಂದ ಹೊರತಂದ ಕಿರುಪುಸ್ತಕದಲ್ಲಿ ತೀರ್ಪಿನ ದೋಷಗಳನ್ನು ಎತ್ತಿ ತೋರಿಸಿದರು.

ಸತ್ಯವು ಸೇನೆಯ ಒಳಗಿನಿಂದಲೇ ಹೊರಬಂದಿತು. ೧೮೯೫ರಲ್ಲಿ ಗೂಢಚರ್ಯೆ ವಿಭಾಗದ ಮುಖ್ಯಸ್ಥರಾದ ಜಾರ್ಜ್ ಪಿಕಾರ್ ಅವರಿಗೆ ಮರುವರ್ಷ ಜರ್ಮನ್ ರಾಯಭಾರ ಕಚೇರಿಯ ಮತ್ತೊಂದು ಹರಿದ ಪತ್ರವು ದೊರೆಯಿತು. ಅದು ಫ್ರೆಂಚ್ ಸೇನೆಯ ಮೇಜರ್ ಎಸ್ಟರ್‌ಹಾಜಿಗೆ ಬರೆದದ್ದಾಗಿತ್ತು. ಸಾಲದಲ್ಲಿ ಮುಳುಗಿದ್ದ ಎಸ್ಟರ್‌ಹಾಜಿಯ ಕೈಬರಹವು ೧೮೯೪ರ ರಹಸ್ಯ ಪತ್ರದ ಬರಹವನ್ನೇ ಹೋಲುತ್ತಿತ್ತು. ಪಿಕಾರ್ ಅವರಿಗೂ ಯಹೂದಿಗಳ ವಿಷಯದಲ್ಲಿ ಆ ಕಾಲದ ಪೂರ್ವಗ್ರಹಗಳು ಇಲ್ಲದಿರಲಿಲ್ಲ. ಆದರೂ ನಿರಪರಾಧಿಯನ್ನು ಸೆರೆಯಲ್ಲಿಡುವುದನ್ನು ಅವರು ಒಪ್ಪಲಿಲ್ಲ. ಮೇಲಧಿಕಾರಿಗಳು ಪ್ರಕರಣವನ್ನು ಮತ್ತೆ ತೆರೆಯಲು ಒಪ್ಪದೆ ಅವರನ್ನು ದೂರದ ಟ್ಯುನೀಸಿಯಾಕ್ಕೆ ಕಳುಹಿಸಿದರು. ಅದೇ ವಿಭಾಗದ ಮೇಜರ್ ಹೆನ್ರಿಯು ಡ್ರೇಫಸ್ ಹೆಸರುಳ್ಳ ಒಂದು ಕಾಗದವನ್ನು ತಾನೇ ಸೃಷ್ಟಿಸಿ ಕಡತಕ್ಕೆ ಸೇರಿಸಿದನು.

೧೮೯೭ರ ನವೆಂಬರ್‌ನಲ್ಲಿ ಮಾತ್ಯೂ ಅವರು ಎಸ್ಟರ್‌ಹಾಜಿಯೇ ಪತ್ರ ಬರೆದವನೆಂದು ಬಹಿರಂಗವಾಗಿ ಆಪಾದಿಸಿದರು. ಆದರೆ ೧೮೯೮ರ ಜನವರಿ ೧೧ರಂದು ಸೇನಾ ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು.

ಜೋಲಾ ಅವರ ಪತ್ರ ಮತ್ತು ಗಲಭೆಗಳು

ಎರಡು ದಿನಗಳ ಬಳಿಕ, ಜನವರಿ ೧೩ರಂದು, ಹೆಸರಾಂತ ಕಾದಂಬರಿಕಾರ ಎಮಿಲ್ ಜೋಲಾ ಅವರು ಲೋರೋರ್ ಪತ್ರಿಕೆಯಲ್ಲಿ ಗಣರಾಜ್ಯದ ಅಧ್ಯಕ್ಷರಿಗೆ ಬಹಿರಂಗ ಪತ್ರವನ್ನು ಪ್ರಕಟಿಸಿದರು. ಅಧಿಕಾರಿಗಳನ್ನು ಹೆಸರು ಹಿಡಿದು ಆಪಾದಿಸಿದ ಆ ಪತ್ರಕ್ಕಾಗಿ ಅವರಿಗೆ ಒಂದು ವರ್ಷದ ಸೆರೆವಾಸ ಮತ್ತು ೩,೦೦೦ ಫ್ರಾಂಕ್ ದಂಡ ವಿಧಿಸಲಾಯಿತು. ಮುಂದೆ ಅವರು ಇಂಗ್ಲೆಂಡಿಗೆ ತೆರಳಿದರು.

ಆ ಜನವರಿ ಮತ್ತು ಫೆಬ್ರವರಿ ತಿಂಗಳುಗಳಲ್ಲಿ ಫ್ರಾನ್ಸಿನ ಅನೇಕ ಪಟ್ಟಣಗಳಲ್ಲಿ ಯಹೂದಿಗಳ ಅಂಗಡಿಗಳ ಮೇಲೆಯೂ ಪ್ರಾರ್ಥನಾ ಮಂದಿರಗಳ ಮೇಲೆಯೂ ದಾಳಿಗಳು ನಡೆದವು. ಫ್ರೆಂಚ್ ಆಳ್ವಿಕೆಯ ಆಲ್ಜೀರಿಯಾದಲ್ಲಿ ಗಲಭೆಗಳು ಇನ್ನೂ ಉಗ್ರವಾಗಿದ್ದವು. ಅದೇ ವರ್ಷದ ಮೇ ತಿಂಗಳ ಚುನಾವಣೆಯಲ್ಲಿ ಆಲ್ಜಿಯರ್ಸ್‌ನ ಮತದಾರರು ದ್ರುಮೋಂನನ್ನು ಸಂಸತ್ತಿಗೆ ಆರಿಸಿದರು. ಪತ್ರಿಕೆ, ಬೀದಿ ಮೆರವಣಿಗೆ ಮತ್ತು ಚುನಾವಣೆಗಳ ಮೂಲಕ ಪೂರ್ವಗ್ರಹವು ಸಂಘಟಿತ ರಾಜಕೀಯ ಶಕ್ತಿಯಾಗಿ ಬೆಳೆದದ್ದು ಈ ಕಾಲದ ವಿಶೇಷ. ಇನ್ನೊಂದೆಡೆ ನ್ಯಾಯದ ಪರವಾಗಿ ನಿಂತವರು ಮಾನವ ಹಕ್ಕುಗಳ ಒಕ್ಕೂಟವನ್ನು ೧೮೯೮ರಲ್ಲಿ ಸ್ಥಾಪಿಸಿದರು. ೧೮೯೪ರಲ್ಲಿ ಡ್ರೇಫಸ್ ಅವರಿಗೆ ಸಿಕ್ಕ ಶಿಕ್ಷೆಯು ಕಡಿಮೆಯಾಯಿತೆಂದು ಸಂಸತ್ತಿನಲ್ಲಿ ಆಕ್ಷೇಪಿಸಿದ್ದ ಸಮಾಜವಾದಿ ನಾಯಕ ಝಾನ್ ಜೋರೆಸ್ ಅವರು ಪುರಾವೆಗಳನ್ನು ಪರಿಶೀಲಿಸಿ ಅವರ ಪ್ರಬಲ ಸಮರ್ಥಕರಾದರು.

೧೮೯೮ರ ಆಗಸ್ಟ್‌ನಲ್ಲಿ ಹೆನ್ರಿಯು ಸೃಷ್ಟಿಸಿದ ಕಾಗದವು ನಕಲಿಯೆಂದು ಪತ್ತೆಯಾಯಿತು. ಎರಡು ಬೇರೆ ಬೇರೆ ಹಾಳೆಗಳ ತುಂಡುಗಳನ್ನು ಜೋಡಿಸಿದ್ದುದು ದೀಪದ ಬೆಳಕಿನಲ್ಲಿ ಗೆರೆಗಳ ಬಣ್ಣದ ವ್ಯತ್ಯಾಸದಿಂದ ಗೊತ್ತಾಯಿತು. ಹೆನ್ರಿಯು ತಪ್ಪೊಪ್ಪಿಕೊಂಡು ಮರುದಿನ ಸೆರೆಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಎಸ್ಟರ್‌ಹಾಜಿಯು ಇಂಗ್ಲೆಂಡಿಗೆ ಓಡಿಹೋದನು. ಇಷ್ಟಾದರೂ ಲಾ ಲಿಬ್ರ ಪರೋಲ್ ಪತ್ರಿಕೆಯು ಹೆನ್ರಿಯನ್ನು ದೇಶಭಕ್ತನೆಂದು ಕೊಂಡಾಡಿ ಅವನ ವಿಧವೆಯ ನೆರವಿಗಾಗಿ ನಿಧಿಯನ್ನು ತೆರೆಯಿತು. ಅದಕ್ಕೆ ಸುಮಾರು ೨೫,೦೦೦ ಮಂದಿ ಹಣ ನೀಡಿದರು. ಅನೇಕರು ಹಣದ ಜೊತೆಗೆ ಯಹೂದಿಗಳನ್ನು ನಿಂದಿಸುವ ಮಾತುಗಳನ್ನೂ ಬರೆದು ಕಳುಹಿಸಿದರು.

ರೆನ್ ನಗರದ ವಿಚಾರಣೆ ಮತ್ತು ಕ್ಷಮಾದಾನ

೧೮೯೯ರ ಜೂನ್ ೩ರಂದು ಫ್ರಾನ್ಸಿನ ಅತ್ಯುನ್ನತ ನ್ಯಾಯಾಲಯವು ಮೊದಲ ತೀರ್ಪನ್ನು ರದ್ದುಪಡಿಸಿತು. ಡ್ರೇಫಸ್ ಅವರನ್ನು ದ್ವೀಪದಿಂದ ಕರೆತಂದು ರೆನ್ ನಗರದಲ್ಲಿ ಎರಡನೆಯ ಸೇನಾ ವಿಚಾರಣೆಯನ್ನು ಆಗಸ್ಟ್ ೭ರಂದು ಆರಂಭಿಸಲಾಯಿತು. ವಿಚಾರಣೆಯ ಎರಡನೆಯ ವಾರದಲ್ಲಿ ಅವರ ವಕೀಲ ಲಬೋರಿ ಅವರ ಬೆನ್ನಿಗೆ ಅಪರಿಚಿತನೊಬ್ಬನು ಗುಂಡು ಹಾರಿಸಿದನು, ಲಬೋರಿ ಬದುಕಿಕೊಂಡರು. ಸೆಪ್ಟೆಂಬರ್ ೯ರಂದು ನ್ಯಾಯಾಧೀಶರು ಐದಕ್ಕೆ ಎರಡರ ಬಹುಮತದಿಂದ ಡ್ರೇಫಸ್ ಅಪರಾಧಿಯೇ ಎಂದು ಮತ್ತೆ ತೀರ್ಪಿತ್ತರು. ಆದರೆ ಶಿಕ್ಷೆಯನ್ನು ತಗ್ಗಿಸುವ ಸಂದರ್ಭಗಳಿವೆಯೆಂದು ಹೇಳಿ ಹತ್ತು ವರ್ಷಗಳ ಸೆರೆವಾಸ ವಿಧಿಸಿದರು. ದೇಶದ್ರೋಹಕ್ಕೆ ರಿಯಾಯಿತಿ ತೋರುವ ಈ ತೀರ್ಪು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತಿತ್ತು.

ಸೆಪ್ಟೆಂಬರ್ ೧೯ರಂದು ಅಧ್ಯಕ್ಷ ಎಮಿಲ್ ಲೂಬೆ ಅವರು ಕ್ಷಮಾದಾನ ನೀಡಿದರು. ಕ್ಷಮೆಯನ್ನು ಸ್ವೀಕರಿಸುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತಾಗುತ್ತದೆಯೆಂದು ಕೆಲವು ಬೆಂಬಲಿಗರು ವಿರೋಧಿಸಿದರು. ಮತ್ತೊಮ್ಮೆ ಸೆರೆಗೆ ಹೋದರೆ ತಮ್ಮನು ಉಳಿಯಲಾರನೆಂಬುದು ಮಾತ್ಯೂ ಅವರ ಆತಂಕವಾಗಿತ್ತು. ಡ್ರೇಫಸ್ ಅವರು ಬಿಡುಗಡೆಯನ್ನು ಒಪ್ಪಿಕೊಂಡರಾದರೂ ತಮ್ಮ ಮಾನವು ಮರಳುವವರೆಗೂ ಹೋರಾಡುವುದಾಗಿ ಪ್ರಕಟಿಸಿದರು. ೧೯೦೧ರಲ್ಲಿ ಸೆರೆವಾಸದ ಐದು ವರ್ಷಗಳ ನೆನಪುಗಳನ್ನು ಪುಸ್ತಕವಾಗಿ ಹೊರತಂದರು.

ನಿರ್ದೋಷಿಯೆಂಬ ತೀರ್ಪು

೧೯೦೩ರಲ್ಲಿ ಜೋರೆಸ್ ಅವರು ಸಂಸತ್ತಿನಲ್ಲಿ ವಿಷಯವನ್ನು ಮತ್ತೆ ಎತ್ತಿದ ಮೇಲೆ ಹೊಸ ತನಿಖೆ ನಡೆಯಿತು. ಕಡತದಲ್ಲಿದ್ದ ಇನ್ನೂ ಕೆಲವು ಕಾಗದಗಳನ್ನು ತಿದ್ದಿದ್ದುದು ಬೆಳಕಿಗೆ ಬಂದಿತು. ೧೯೦೬ರ ಜುಲೈ ೧೨ರಂದು ಅತ್ಯುನ್ನತ ನ್ಯಾಯಾಲಯವು ರೆನ್ ತೀರ್ಪನ್ನು ರದ್ದುಪಡಿಸಿ, ಡ್ರೇಫಸ್ ಅವರ ವಿರುದ್ಧದ ಆಪಾದನೆಯಲ್ಲಿ ಯಾವುದೂ ನಿಲ್ಲುವುದಿಲ್ಲವೆಂದು ಸಾರಿತು. ಮರುದಿನ ಸಂಸತ್ತು ಅವರನ್ನು ಮೇಜರ್ ಪದವಿಯೊಂದಿಗೆ ಸೇನೆಗೆ ಮರಳಿ ಸೇರಿಸಿಕೊಳ್ಳುವ ಕಾನೂನನ್ನು ಅಂಗೀಕರಿಸಿತು. ಅದೇ ತಿಂಗಳು, ಹನ್ನೊಂದು ವರ್ಷಗಳ ಹಿಂದೆ ಕತ್ತಿಯನ್ನು ಮುರಿದಿದ್ದ ಸೇನಾ ವಿದ್ಯಾಲಯದ ಆವರಣದಲ್ಲೇ ಲೀಜನ್ ಆಫ್ ಆನರ್ ಪದಕವನ್ನು ಪ್ರದಾನ ಮಾಡಲಾಯಿತು.

ಆದರೆ ಸೆರೆಯಲ್ಲಿ ಕಳೆದ ವರ್ಷಗಳನ್ನು ಅವರ ಸೇವಾವಧಿಯಲ್ಲಿ ಪರಿಗಣಿಸಲಿಲ್ಲ. ಸಹಪಾಠಿಗಳಿಗಿಂತ ಹಿಂದೆ ಬಿದ್ದ ಅವರಿಗೆ ಉನ್ನತ ಪದವಿಯ ದಾರಿ ಮುಚ್ಚಿತು. ೧೯೦೭ರಲ್ಲಿ ಅವರು ನಿವೃತ್ತಿ ಪಡೆದರು.

ಕೊನೆಯ ವರ್ಷಗಳು

೧೯೦೮ರ ಜೂನ್ ೪ರಂದು ಜೋಲಾ ಅವರ ಅಸ್ಥಿಯನ್ನು ರಾಷ್ಟ್ರಪುರುಷರ ಸಮಾಧಿ ಮಂದಿರವಾದ ಪ್ಯಾಂಥಿಯನ್‌ಗೆ ಸ್ಥಳಾಂತರಿಸುವ ಸಮಾರಂಭದಲ್ಲಿ ಲೂಯಿ ಗ್ರೆಗೋರಿ ಎಂಬ ಪತ್ರಕರ್ತನು ಡ್ರೇಫಸ್ ಅವರ ಮೇಲೆ ಗುಂಡು ಹಾರಿಸಿದನು. ತೋಳಿಗೆ ಗಾಯವಾಯಿತು. ಪ್ಯಾರಿಸ್ಸಿನ ಪಂಚರ ಮಂಡಳಿಯು ಆ ಪತ್ರಕರ್ತನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅತ್ಯುನ್ನತ ನ್ಯಾಯಾಲಯದ ತೀರ್ಪು ಬಂದು ಎರಡು ವರ್ಷ ಕಳೆದಿದ್ದರೂ ಜನರ ಮನಸ್ಸಿನಲ್ಲಿದ್ದ ಅನುಮಾನವು ಅಳಿದಿರಲಿಲ್ಲವೆಂಬುದಕ್ಕೆ ಇದು ಸಾಕ್ಷಿಯಾಯಿತು.

೧೯೧೪ರಲ್ಲಿ ಮೊದಲ ಮಹಾಯುದ್ಧವು ಆರಂಭವಾದಾಗ ಐವತ್ತೈದರ ಹೊಸ್ತಿಲಲ್ಲಿದ್ದ ಡ್ರೇಫಸ್ ಮತ್ತೆ ಸೇವೆಗೆ ಹಾಜರಾದರು. ಮೊದಲು ಪ್ಯಾರಿಸ್ ರಕ್ಷಣಾ ವಲಯದಲ್ಲಿ, ೧೯೧೭ರಲ್ಲಿ ರಣರಂಗದಲ್ಲಿ ಕೆಲಸ ಮಾಡಿದರು. ಮಗ ಪಿಯೆರ್ ಕೂಡ ಯುದ್ಧದಲ್ಲಿ ಹೋರಾಡಿದರು. ೧೯೧೮ರಲ್ಲಿ ಡ್ರೇಫಸ್ ಲೆಫ್ಟಿನೆಂಟ್ ಕರ್ನಲ್ ಆದರು. ೧೯೩೦ರಲ್ಲಿ, ಶ್ವಾರ್ಟ್ಸ್‌ಕೊಪೆನ್ ಅವರ ಟಿಪ್ಪಣಿಗಳು ಅವರ ಮರಣಾನಂತರ ಪ್ರಕಟವಾದಾಗ, ರಹಸ್ಯಗಳನ್ನು ಮಾರಿದವನು ಎಸ್ಟರ್‌ಹಾಜಿಯೆಂಬುದು ಜರ್ಮನಿಯ ಕಡೆಯಿಂದಲೂ ದೃಢಪಟ್ಟಿತು. ೧೯೩೫ರ ಜುಲೈ ೧೨ರಂದು, ನಿರ್ದೋಷಿಯೆಂಬ ತೀರ್ಪು ಬಂದ ದಿನದಂದೇ, ಡ್ರೇಫಸ್ ಅವರು ಪ್ಯಾರಿಸ್ಸಿನಲ್ಲಿ ನಿಧನರಾದರು. ಮೊಂಪಾರ್ನಾಸ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ.

ಕುಟುಂಬ ಮತ್ತು ನಂತರದ ಇತಿಹಾಸ

ಡ್ರೇಫಸ್ ವಿರೋಧಿಗಳ ವಿಚಾರಧಾರೆಯು ಪ್ರಕರಣದೊಂದಿಗೆ ಕೊನೆಗೊಳ್ಳಲಿಲ್ಲ. ೧೮೯೯ರಲ್ಲಿ ಹುಟ್ಟಿದ ಆಕ್ಸಿಯೋಂ ಫ್ರಾನ್ಸೇಸ್ ಎಂಬ ಚಳವಳಿಯು ಯಹೂದಿಗಳನ್ನು ಪರಕೀಯರೆಂದು ಬಣ್ಣಿಸುವ ಪ್ರಚಾರವನ್ನು ದಶಕಗಳ ಕಾಲ ಮುಂದುವರಿಸಿತು. ೧೯೪೦ರಲ್ಲಿ ಫ್ರಾನ್ಸ್ ಜರ್ಮನಿಗೆ ಸೋತ ಮೇಲೆ ಅಧಿಕಾರಕ್ಕೆ ಬಂದ ವಿಶೀ ಸರ್ಕಾರವು ಅದೇ ಅಕ್ಟೋಬರ್‌ನಲ್ಲಿ ಯಹೂದಿಗಳನ್ನು ಜನಾಂಗದ ಆಧಾರದ ಮೇಲೆ ವ್ಯಾಖ್ಯಾನಿಸಿ ಸೇನೆ, ಶಿಕ್ಷಣ ಮತ್ತು ಸರ್ಕಾರಿ ಹುದ್ದೆಗಳಿಂದ ಹೊರಗಿಟ್ಟಿತು. ೧೭೯೧ರ ಸಮಾನತೆಯು ಹೀಗೆ ಕಾನೂನಿನಿಂದಲೇ ರದ್ದಾಯಿತು. ಯಹೂದಿ ವ್ಯವಹಾರಗಳಿಗಾಗಿ ವಿಶೀ ಸರ್ಕಾರವು ರಚಿಸಿದ್ದ ಇಲಾಖೆಗೆ ೧೯೪೪ರಲ್ಲಿ ಮುಖ್ಯಸ್ಥನಾದವನು ಡ್ರೇಫಸ್ ಅವರನ್ನು ಬಂಧಿಸಿದ್ದ ದು ಪಾತಿ ದ ಕ್ಲಾಂನ ಮಗ.

ಲೂಸಿ ಡ್ರೇಫಸ್ ಅವರು ಬೇರೆ ಹೆಸರಿನಲ್ಲಿ ಅಡಗಿದ್ದು ಬದುಕುಳಿದರು. ೧೯೪೫ರ ಡಿಸೆಂಬರ್‌ನಲ್ಲಿ ನಿಧನರಾದರು. ಮಗಳು ಜೀನ್ ಅವರ ಪುತ್ರಿ ಮಡಲೀನ್ ಲೆವಿ ಜರ್ಮನರ ವಿರುದ್ಧದ ಪ್ರತಿರೋಧ ಚಳವಳಿಯಲ್ಲಿ ತೊಡಗಿದ್ದಾಗ ೧೯೪೩ರಲ್ಲಿ ಬಂಧಿತರಾಗಿ ಆಶ್ವಿಟ್ಜ್ ಶಿಬಿರದಲ್ಲಿ ಮೃತಪಟ್ಟರು. ಅಜ್ಜನ ಸಮಾಧಿಯ ಕಲ್ಲಿನ ಮೇಲೆ ಆಕೆಯ ಹೆಸರನ್ನೂ ಕೆತ್ತಲಾಗಿದೆ.

ಪ್ರಕರಣದ ಮಹತ್ವ

ಡ್ರೇಫಸ್ ಪ್ರಕರಣವನ್ನು ಕೇವಲ ನ್ಯಾಯಾಲಯದ ತಪ್ಪೆಂದು ನೋಡುವುದು ಸಾಲದು. ತಪ್ಪನ್ನು ಕಂಡುಹಿಡಿದ ಮೇಲೂ ಅದನ್ನು ಉಳಿಸಿಕೊಳ್ಳಲು ನಕಲಿ ಕಾಗದಗಳನ್ನು ಸೃಷ್ಟಿಸಲಾಯಿತು. ನಕಲಿಯೆಂದು ಗೊತ್ತಾದ ಮೇಲೂ ಸಾವಿರಾರು ಜನರು ಅದನ್ನು ಸಮರ್ಥಿಸಿದರು. ಯಹೂದಿಯು ಎಂದಿಗೂ ಪೂರ್ಣ ಫ್ರೆಂಚನಾಗಲಾರನೆಂಬ ನಂಬಿಕೆಯು ಮೊದಲೇ ಬೇರೂರಿದ್ದುದರಿಂದ ಪುರಾವೆಯ ಅಗತ್ಯವೇ ಅನೇಕರಿಗೆ ಕಾಣಲಿಲ್ಲ. ಬಾವಿಗೆ ವಿಷ ಹಾಕಿದರೆಂಬ ಮಧ್ಯಯುಗದ ಆಪಾದನೆಗೂ ಸೇನಾ ರಹಸ್ಯಗಳನ್ನು ಮಾರಿದರೆಂಬ ಆಧುನಿಕ ಆಪಾದನೆಗೂ ಮಾತುಗಳು ಬೇರೆಯಾದರೂ ಒಳಗಿನ ತರ್ಕ ಒಂದೇ ಆಗಿತ್ತು: ನಾಡಿಗೆ ಬಂದ ಸಂಕಟಕ್ಕೆ ನಮ್ಮ ನಡುವೆ ಅಡಗಿರುವ ಪರಕೀಯನೇ ಕಾರಣನೆಂಬ ಭಾವನೆ. ಇನ್ನೊಂದೆಡೆ, ಒಬ್ಬ ವ್ಯಕ್ತಿಗಾದ ಅನ್ಯಾಯವನ್ನು ಸರಿಪಡಿಸಲು ಲೇಖಕರು, ವಿಜ್ಞಾನಿಗಳು, ನ್ಯಾಯವಾದಿಗಳು ಹನ್ನೆರಡು ವರ್ಷಗಳ ಕಾಲ ನಡೆಸಿದ ಹೋರಾಟವು ಸಾರ್ವಜನಿಕ ಜೀವನದಲ್ಲಿ ಬುದ್ಧಿಜೀವಿಗಳ ಪಾತ್ರಕ್ಕೆ ಮಾದರಿಯಾಯಿತು. ೧೯೦೫ರಲ್ಲಿ ಫ್ರಾನ್ಸ್ ಚರ್ಚ್ ಮತ್ತು ಪ್ರಭುತ್ವಗಳನ್ನು ಬೇರ್ಪಡಿಸಿದ ಕಾನೂನಿನ ಹಿನ್ನೆಲೆಯಲ್ಲಿಯೂ ಈ ಪ್ರಕರಣದ ಪ್ರಭಾವವಿದೆ.

ಸ್ಮಾರಕಗಳು

ಮುರಿದ ಕತ್ತಿಯನ್ನು ಹಿಡಿದು ನಿಂತಿರುವ ಡ್ರೇಫಸ್ ಅವರ ಪ್ರತಿಮೆಯು ಪ್ಯಾರಿಸ್ಸಿನ ರಾಸ್ಪಾಯ್ ರಸ್ತೆಯ ಬಳಿ ಇದೆ. ಇದನ್ನು ಸೇನಾ ವಿದ್ಯಾಲಯದ ಅಂಗಳದಲ್ಲಿ ನಿಲ್ಲಿಸಬೇಕೆಂಬ ಸಲಹೆಯಿತ್ತಾದರೂ ಸೇನೆಯ ಕಡೆಯಿಂದ ಒಪ್ಪಿಗೆ ದೊರೆಯಲಿಲ್ಲ. ೨೦೦೬ರಲ್ಲಿ, ನಿರ್ದೋಷಿಯೆಂಬ ತೀರ್ಪಿನ ನೂರನೆಯ ವರ್ಷದಂದು, ಅಧ್ಯಕ್ಷ ಜಾಕ್ ಶಿರಾಕ್ ಅವರು ಅದೇ ಸೇನಾ ವಿದ್ಯಾಲಯದಲ್ಲಿ ರಾಷ್ಟ್ರೀಯ ಸ್ಮರಣಾ ಸಮಾರಂಭವನ್ನು ನಡೆಸಿದರು. ಡ್ರೇಫಸ್ ಅವರಿಗೆ ಸಲ್ಲಬೇಕಾಗಿದ್ದ ಬ್ರಿಗೇಡಿಯರ್ ಜನರಲ್ ಪದವಿಯನ್ನು ಮರಣೋತ್ತರವಾಗಿ ನೀಡುವ ಮಸೂದೆಗೆ ಫ್ರಾನ್ಸಿನ ರಾಷ್ಟ್ರೀಯ ಸಭೆಯು ೨೦೨೫ರ ಜೂನ್‌ನಲ್ಲಿ ಅವಿರೋಧವಾಗಿ ಸಮ್ಮತಿಸಿತು.